ಹಂದಿ ಬೇಟೆಯ ಪಟ ಮತ್ತು ಸೋದರಮಾವ

ಮೇಷ್ಟ್ರಾಗಿ ಊರ ಮಕ್ಕಳಿಗೆಲ್ಲ ಧೈರ್ಯ ಹೇಳಿದವನು ನಾನು. ಮನೆಗೆ ನೆಂಟರು ಬರುತ್ತಾರೆಂದರೆ ಮಾತ್ರ ಮೊದಲು ಹೊಟ್ಟೆ ಕೆಡುತ್ತದೆ, ಆಮೇಲೆ ನಾಲಿಗೆ. ಅದರಲ್ಲೂ ಮಗಳನ್ನು ನೋಡಲು ಬರುವವರೆಂದರೆ ಕೇಳಬೇಕೆ?

ಗೌರಿಬಿದನೂರಿನ ನಮ್ಮ ಮನೆಯ ಗೋಡೆಯಲ್ಲೊಂದು ತೇವದ ಕಲೆಯಿದೆ. ಅದನ್ನು ಮುಚ್ಚಲೆಂದು ಚಿಂತಾಮಣಿಯಲ್ಲಿ ಫೋಟೋಗೆ ಕಟ್ಟು ಹಾಕುವ ಅಂಗಡಿಯಿಂದ ದೊಡ್ಡದೊಂದು ಪಟ ತಂದಿದ್ದೆ. ಹಳೇ ಯುರೋಪಿನ ಬರೋಕ್ ಶೈಲಿಯ ಚಿತ್ರದ ಅಚ್ಚು, ಗ್ರೀಕ್ ಪುರಾಣದ ಹಂದಿ ಬೇಟೆ. ಸುತ್ತ ಕತ್ತಲು, ನಾಯಿಗಳ ನೂಕುನುಗ್ಗಲು, ಬಿಲ್ಲು ಹಿಡಿದ ಹುಡುಗಿಯೊಬ್ಬಳ ತೋಳಿನ ಮೇಲೆ ಮಾತ್ರ ಬೆಳಕು. ಕಥೆ ಓದಿಕೊಂಡಿದ್ದೆ. ಮೊದಲ ಬಾಣ ಅವಳದು. ಹಂದಿ ಬಿದ್ದ ಮೇಲೆ, ಅವಳನ್ನು ಮೆಚ್ಚಿದ ವೀರ ಅದರ ಚರ್ಮವನ್ನು ಅವಳಿಗೇ ಕೊಡುತ್ತಾನೆ. ಹೆಣ್ಣಿಗೇಕೆ ಎಂದು ಅವನ ಸೋದರಮಾವಂದಿರು ಕಿತ್ತುಕೊಳ್ಳುತ್ತಾರೆ. ಅವನು ಮಾವಂದಿರನ್ನೇ ಕೊಂದುಬಿಡುತ್ತಾನೆ. ಇದೆಲ್ಲ ಗೊತ್ತಿದ್ದೇ ಕಲಾವಿದ ಮಾವಂದಿರನ್ನು ಕತ್ತಲಲ್ಲಿ ನಿಲ್ಲಿಸಿದ್ದಾನೆ ಎಂಬುದು ನನ್ನ ವ್ಯಾಖ್ಯಾನ. ತೇವದ ಕಲೆಯೂ ಅವರ ಹಿಂದೆಯೇ ಇತ್ತು ಅನ್ನಿ.

ಹುಡುಗನ ಕಡೆಯವರು ನಗರಗೆರೆಯವರು. ನಮ್ಮಲ್ಲಿ ಸೋದರಮಾವ ಹೂಂ ಅನ್ನದೆ ತಾಂಬೂಲ ಬದಲಾಗುವುದಿಲ್ಲ. ಮದುವೆಯಾದ ಮೇಲೆ ಹುಡುಗಿ ಕುಡುಮಲಕುಂಟೆಯ ಫ್ಯಾಕ್ಟರಿ ಕೆಲಸ ಬಿಡಬೇಕು ಎಂದು ಹುಡುಗನ ಸೋದರಮಾವನವರು ಮೊದಲೇ ಹೇಳಿಕಳಿಸಿದ್ದರು. ಮಗಳಿಗೆ ಹುಡುಗ ತುಂಬಾ ಇಷ್ಟ. ಆದರೆ ಕೆಲಸ ಬಿಡೋದಾದರೆ ಈ ಮದುವೆಯೇ ಬೇಡ ಅಂದಿದ್ದಳು. ಇಬ್ಬರ ನಡುವೆ ನನಗೆ ಅನ್ನ ಸೇರುತ್ತಿರಲಿಲ್ಲ.

ಮಾವನವರು ಹುಡುಗನ ಜೊತೆ ಬಂದವರೇ ಪಟದ ಎದುರಿಗೇ ಕೂತರು. ಇದೇನು ಕಥೆ ಮೇಷ್ಟ್ರೇ ಅಂದರು. ಹೊಲ ಹಾಳುಮಾಡುತ್ತಿದ್ದ ಹಂದಿಯನ್ನು ಸೋದರಮಾವನೇ ಮುಂದೆ ನಿಂತು ಹೊಡೆಸಿದ ಕಥೆ ಅಂತ ಬಿಟ್ಟೆ. ಅವರಿಗೆ ಖುಷಿಯೋ ಖುಷಿ. ಆ ಮಾವ ಯಾರು, ತೋರಿಸಿ ಅಂದರು. ನಾನು ಚಿತ್ರದ ಕತ್ತಲಲ್ಲಿ ಬೆರಳಾಡಿಸುತ್ತಿರುವಾಗ ಕಾಫಿ ತಂದ ಮಗಳು, ಅಪ್ಪ ಸುಳ್ಳು ಹೇಳ್ತಿದಾರೆ ಅಂದು ನಿಜವಾದ ಕಥೆಯನ್ನು ಕೊನೆತನಕ ಹೇಳಿಯೇಬಿಟ್ಟಳು. ಕೊಲೆಯನ್ನೂ ಬಿಡಲಿಲ್ಲ. ಸಂಬಂಧ ಮುಗಿಯಿತು ಅಂದುಕೊಂಡು ನಾನು ನೆಲ ನೋಡುತ್ತಾ ಕೂತೆ.

ಮಾವನವರು ಲೋಟ ಕೆಳಗಿಟ್ಟು ಅಳಿಯನತ್ತ ತಿರುಗಿದರು. "ನೀನೇನಂತೀಯಪ್ಪಾ?"

ಹುಡುಗ ಪಟದತ್ತ ಕೈ ತೋರಿಸಿದ. "ಬಾಣ ಬಿಟ್ಟಿದ್ದು ಅವಳು ಮಾವ. ಚರ್ಮ ಅವಳದೇ. ಇವರ ಕೆಲಸಾನೂ ಅಷ್ಟೆ, ಇವರದೇ."

ಅವರು ಪಟವನ್ನೊಮ್ಮೆ ನೋಡಿದರು. ಆಮೇಲೆ ತಟ್ಟೆಯಿಂದ ಒಂದು ವೀಳ್ಯದೆಲೆ ಎತ್ತಿಕೊಂಡು ನನ್ನ ಕಡೆ ಬಗ್ಗಿದರು.

"ಹುಡುಗಿ ಕೆಲಸಕ್ಕೆ ಹೋಗ್ಲಿ ಬಿಡಿ. ಆದ್ರೆ ಮೇಷ್ಟ್ರೇ, ನಿಶ್ಚಿತಾರ್ಥದ ದಿನ ಈ ಪಟ ಇಳಿಸ್ಬಿಡಿ. ಇವನಿಗೆ ಇನ್ನೂ ಇಬ್ಬರು ಮಾವಂದಿರಿದಾರೆ."