ಶೆಟ್ಟೆವ್ವನ ಹೆಸರಿನ ಬಾಟ್ಲಿ

ನೀವು ಕುಡಿದು ಬಿಸಾಕಿದ ಪ್ಲಾಸ್ಟಿಕ್ ಬಾಟ್ಲಿ ನಿಮಗಿಂತ ಹೆಚ್ಚು ಕಾಲ ಬಾಳುತ್ತದೆ. ಇದು ನಿಮಗೆ ಗೊತ್ತು. ಗೊತ್ತಿದ್ದೇ ಬಿಸಾಕಿದ್ದೀರಿ. ಹಾಗಾಗಿ ಆ ಪಾಠ ಮತ್ತೆ ಒಪ್ಪಿಸುವುದಿಲ್ಲ. ನಾನು ಹೇಳಬೇಕಾದದ್ದು ಮಹಮ್ಮದಹನೀಫನ ಮಾತು.

ಬಸವನ ಬಾಗೇವಾಡಿಯ ಪೇಟೆಯಲ್ಲಿ ಸಂಜೀವಕುಮಾರನ ಭಾಂಡೆ ಅಂಗಡಿ ಇದೆ. ಅದರ ಕಟ್ಟೆಯ ಮೇಲೆ ಕೂತು ಪಾತ್ರೆಗಳಿಗೆ ಹೆಸರು ಕೊರೆಯುವುದು ಹನೀಫನ ಕಸುಬು. ಅವನ ಅಪ್ಪನೂ ಅಲ್ಲೇ ಕೂತು ಅದನ್ನೇ ಮಾಡಿದವನು. ಎರಡು ಮೊಣಕಾಲಿನ ನಡುವೆ ಕೊಡ ಸಿಗಿಸಿಕೊಂಡು, ಎಡಗೈಯಲ್ಲಿ ಚೂಪು ಉಳಿ, ಬಲಗೈಯಲ್ಲಿ ಬೆರಳಿನಷ್ಟುದ್ದದ ಸುತ್ತಿಗೆ ಹಿಡಿದು ಟಿಕ್ ಟಿಕ್ ಎನ್ನಿಸಿದರೆ ಚುಕ್ಕಿಗೆ ಚುಕ್ಕಿ ಸೇರಿ ಅಕ್ಷರ ಏಳುತ್ತಿತ್ತು. ಕರೆಂಟಿನ ಪೆನ್ನು ಬಂದ ಮೇಲೂ ಜನ ಹನೀಫನ ಉಳಿಯನ್ನೇ ಕೇಳುತ್ತಿದ್ದರು. ಪೆನ್ನಿನ ಹೆಸರು ಬೂದಿ ಹಾಕಿ ತಿಕ್ಕಿದಂತೆಲ್ಲ ಮಾಸುತ್ತದೆ. ಹನೀಫ ಹೊಡೆದ ಹೆಸರನ್ನು ಮೊಮ್ಮಕ್ಕಳು ಕಣ್ಣು ಮುಚ್ಚಿ ಬೆರಳಾಡಿಸಿ ಓದಬಹುದು.

ಈ ಹೆಸರು ಯಾಕೆ ಬೇಕಿತ್ತು ಎಂದು ಈಗಿನವರನ್ನು ಕೇಳಿ, ಉಡುಗೊರೆ ಕೊಟ್ಟವರು ಯಾರೆಂದು ತಿಳಿಯಲಿಕ್ಕೆ ಅನ್ನುತ್ತಾರೆ. ಸುಳ್ಳು. ಹೆಸರು ಇದ್ದದ್ದು ಪಾತ್ರೆ ತಿರುಗಿ ಮನೆ ಸೇರಲಿ ಎಂದು. ಒಬ್ಬರ ಮನೆಯ ಮದುವೆಗೆ ಓಣಿಯ ತಂಬಿಗೆ, ಕೊಡ, ಪರಾತಗಳೆಲ್ಲ ಹೋಗುತ್ತಿದ್ದವು. ಊಟ ಮುಗಿದು, ತಿಕ್ಕಿ ತೊಳೆದು, ಅಂಗಳದಲ್ಲಿ ಗುಡ್ಡೆ ಹಾಕಿ, ಹೆಂಗಸರು ಹೆಸರು ಓದಿ ಓದಿ ಹಂಚುತ್ತಿದ್ದರು. "ಯಕ್ಕಾ, ನಿಮ್ಮ ಪರಾತಕ್ಕ ನಮ್ಮನಿ ಹುಗ್ಗಿ ಹಿಡಿಸೇತಿ ನೋಡು, ಹೋಗಾಕ ಒಲ್ಲೆ ಅಂತೈತಿ" ಎಂದು ಚೇಷ್ಟೆ ಮಾಡುತ್ತಿದ್ದರು. ಸಾವಿರ ಜನ ನೀರು ಕುಡಿದು ಎದ್ದರೂ ಮರುದಿನ ಅಲ್ಲಿ ಒಂದು ಚೂರು ಕಸ ಉಳಿಯುತ್ತಿರಲಿಲ್ಲ.

ಆಮೇಲೆ ಗೇಣುದ್ದದ ನೀರಿನ ಬಾಟ್ಲಿಗಳು ಬಂದವು. ತೊಳೆಯುವ ಹಾಗಿಲ್ಲ, ಮರಳಿಸುವ ಹಾಗಿಲ್ಲ. ಹೆಸರಿನ ಅಗತ್ಯವೇ ಇಲ್ಲ, ಯಾಕೆಂದರೆ ಅವು ಯಾರ ಮನೆಗೂ ತಿರುಗಿ ಹೋಗುವುದಿಲ್ಲ. ಹೋಗುವುದು ಗಟಾರಕ್ಕೆ, ಹೊಲದ ಬದುವಿಗೆ. ಮುಚ್ಚಳ ದನದ ಹೊಟ್ಟೆಗೆ. ತಂಬಿಗೆಗಳು ಅಟ್ಟ ಏರಿದವು. ಹನೀಫನ ಕಟ್ಟೆಯ ಟಿಕ್ ಟಿಕ್ ನಿಂತು ನಿಂತು ಕೇಳತೊಡಗಿತು.

ಅಂಥ ಒಂದು ಬೇಸಿಗೆಯಲ್ಲಿ ಬೇಳೆ ಗಿರಣಿಯ ಬಸಂತರಾಯ ಸಾವ್ಕಾರ ಕಟ್ಟೆಗೆ ಬಂದ. ಅವನ ತಾಯಿ ಶೆಟ್ಟೆವ್ವ ತೀರಿ ವರ್ಷ ತುಂಬುವುದರಲ್ಲಿತ್ತು. ಆಕೆ ಬದುಕಿದ್ದಾಗ ಹೊಲದ ಆಳುಗಳಿಗೆ ತಾನೇ ನೀರು ಹೊತ್ತು ಒಯ್ಯುತ್ತಿದ್ದ ಹೆಂಗಸು. ಅವಳ ನೆನಪಿಗೆ ಹೊಲದಲ್ಲಿ ದುಡಿಯುವ ಹೆಣ್ಣಾಳುಗಳಿಗೆ ಒಂದೊಂದು ಸ್ಟೀಲಿನ ಥರ್ಮಾಸ್ ಬಾಟ್ಲಿ ಹಂಚುವುದೆಂದು ಮಗ ನಿಶ್ಚಯಿಸಿದ್ದ. ಮೊದಲು ಬಾಗೇವಾಡಿಯಲ್ಲಿ, ಆಮೇಲೆ ಸಿಂದಗಿ, ಇಂಡಿ, ಮುದ್ದೇಬಿಹಾಳದಲ್ಲಿ. 'ಪ್ಲಾಸ್ಟಿಕ್ ಬಿಡಿ, ಭೂಮಿ ಉಳಿಸಿ' ಎಂಬ ಬ್ಯಾನರೂ ತಯಾರಾಗಿತ್ತು. ಪ್ಲಾಸ್ಟಿಕ್ಕಿನ ಬ್ಯಾನರು.

ಬಾಟ್ಲಿ ಒಳ್ಳೆಯವೇ ಇದ್ದವು. ಅದನ್ನು ಮುಚ್ಚಿಡುವುದಿಲ್ಲ. ಅವು ಕೆಲಸ ಮಾಡುವ ಬಗೆಯನ್ನೂ ಹೇಳಬೇಕು, ಇಲ್ಲದಿದ್ದರೆ ಮುಂದಿನ ಅನ್ಯಾಯ ತಿಳಿಯುವುದಿಲ್ಲ. ಒಂದು ಬಾಟ್ಲಿಯೊಳಗೆ ಇನ್ನೊಂದು ಬಾಟ್ಲಿ. ಎರಡೂ ಬಾಯಿಯ ಹತ್ತಿರ ಮಾತ್ರ ಕೂಡಿರುತ್ತವೆ. ನಡುವಿನ ಸಂದಿಯಲ್ಲಿದ್ದ ಗಾಳಿಯನ್ನು ಕಾರ್ಖಾನೆಯಲ್ಲೇ ಎಳೆದು ತೆಗೆದು ಬೆಸುಗೆ ಹಾಕಿರುತ್ತಾರೆ. ಬಿಸಿ ಅನ್ನುವುದು ಚಾಡಿಮಾತಿನ ಹಾಗೆ, ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ದಾಟಬೇಕು. ಓಣಿಯಲ್ಲಿ ಜನವೇ ಇಲ್ಲದಿದ್ದರೆ ಚಾಡಿ ಯಾರ ಮೂಲಕ ದಾಟೀತು? ಹೊರಗಿನ ಬಿಸಿಲು ಹೊರಗಿನ ತಗಡಿಗೆ ಬಂದು ನಿಲ್ಲುತ್ತದೆ. ಒಳಗಿನ ನೀರು ತಣ್ಣಗೆ ಕೂತಿರುತ್ತದೆ. ಮುಚ್ಚಳದ ಕಡೆಯಿಂದ ಒಂದಿಷ್ಟು ನುಸುಳುತ್ತದೆ, ಅಷ್ಟೇ. ಬೆಳಿಗ್ಗೆ ಮಣ್ಣಿನ ಹರವಿಯಿಂದ ತುಂಬಿಕೊಂಡ ತಂಪು ಇಳಿಹೊತ್ತಿಗೂ ತಂಪೇ. ದಾರಿಯಲ್ಲಿ ಬಾಟ್ಲಿ ನೀರು ಕೊಳ್ಳುವ ಮಾತೇ ಬರುವುದಿಲ್ಲ. ಕಸ ಹುಟ್ಟುವ ಮೊದಲೇ ಕಡಿಮೆಯಾಗುವುದು ಹೀಗೆ.

ಹನೀಫನಿಗೆ ಇದು ಗೊತ್ತಿರಲಿಲ್ಲ. ಬಸಂತರಾಯನಿಗೂ ಗೊತ್ತಿರಲಿಲ್ಲ. ಒಬ್ಬನಿಗೆ ಹೇಳುವವರಿರಲಿಲ್ಲ, ಇನ್ನೊಬ್ಬ ಕೇಳುವವನಲ್ಲ.

ಹನೀಫ ಮೊದಲು ಕರೆಂಟಿನ ಪೆನ್ನಿನಿಂದ ಒಂದಕ್ಕೆ ಹೆಸರು ಬರೆದು ತೋರಿಸಿದ. ಸಾವ್ಕಾರ ಬಾಟ್ಲಿಯನ್ನು ದೂರ ಹಿಡಿದು, ಹತ್ತಿರ ಹಿಡಿದು, ಮುಖ ಗಂಟು ಹಾಕಿದ.

"ಇದೇನ ಹನೀಫಾ, ಇರಿವಿ ಹರದಂಗ ಐತಿ. ಫೋಟೋದಾಗ ಕಾಣಬೇಕೋ ಬ್ಯಾಡೋ?"

"ತಗಡ ತೆಳ್ಳಗೈತ್ರಿ ಸಾವ್ಕಾರ್ರ."

"ಕೊಡಾ ತಡೀತೈತಿ, ಇದು ತಡಿಯಂಗಿಲ್ಲೇನ? ನಿಮ್ಮಪ್ಪ ನಮ್ಮವ್ವನ ತಂಬಿಗಿಗೆ ಹೊಡದಿದ್ನಲ್ಲ, ಹಂಗ ಹೊಡಿ. ಕುರುಡರೂ ಓದಬೇಕು."

ಅಪ್ಪನ ಹೆಸರು ತೆಗೆದರೆ ಯಾವ ಕಸುಬುದಾರ ಸೋಲುವುದಿಲ್ಲ? ಹನೀಫ ಉಳಿ ಎತ್ತಿಕೊಂಡ. ಸುತ್ತಿಗೆ ಬಿದ್ದಾಗ ಕೊಡದ ಹಾಗೆ ಠಣ್ ಎನ್ನಲಿಲ್ಲ, ಪೊಳ್ಳು ಕಾಳಿನ ಹಾಗೆ ಸದ್ದು ಬಂತು. ಈ ಮಾಲಿನ ಗುಣವೇ ಹೀಗೆ ಇರಬೇಕು ಅಂದುಕೊಂಡ. ಬಹಳ ದಿನದ ಮೇಲೆ ಕೈತುಂಬ ಕೆಲಸ ಬಂದಿತ್ತು. 'ದಿ. ಶೆಟ್ಟೆವ್ವ ಇವರ ಸ್ಮರಣಾರ್ಥ ಮಗ ಬಸಂತರಾಯ.' ತಾಯಿಗಿಂತ ಮಗನ ಹೆಸರು ದಪ್ಪ. ಬಾಗೇವಾಡಿಯ ಪಾಲಿನ ಬಾಟ್ಲಿಗಳೆಲ್ಲ ಮುಗಿದಾಗ, ಹೆಸರು ಹೊಡೆಯದ ಒಂದನ್ನು ಸಾವ್ಕಾರ ಅವನ ಕಡೆ ತಳ್ಳಿ, "ನೀ ಒಂದ ಇಟ್ಕೋ" ಅಂದ.

ಹಂಚಿಕೆ ಆಯಿತು. ಫೋಟೋದಲ್ಲಿ ಹೆಸರು ಕಂಡಿತು.

ವಾರದೊಳಗೆ ರಾಮವ್ವ ಹನೀಫನ ಮನೆಗೆ ಬಂದಳು. ಉಳ್ಳಾಗಡ್ಡಿ ಕೀಳುವ ಹೆಣ್ಣಾಳುಗಳ ಗುಂಪಿನ ಮುಂದಾಳು ಆಕೆ. ನಾಲಿಗೆ ಕುಡುಗೋಲು. ಬಾಟ್ಲಿಯನ್ನು ಹೊಸ್ತಿಲ ಮೇಲೆ ಕುಕ್ಕಿದಳು.

"ಕಾಕಾ, ಸಾವ್ಕಾರ ನಮಗ ನೀರಿನ ಬಾಟ್ಲಿ ಕೊಟ್ಟಾನೋ, ಚಾದ ಕಿಟ್ಲಿ ಕೊಟ್ಟಾನೋ? ಮಧ್ಯಾಹ್ನ ಬಾಯಿಗೆ ಇಟ್ರ ನಾಲಿಗಿ ಸುಡತೈತಿ. ಒಂದಿಬ್ಬರವು ಬಿಟ್ರ ಎಲ್ಲಾರವೂ ಇದ ಹಾಡು."

ಹನೀಫನ ಹೆಂಡತಿ ದಾವಲಬಿ ಒಳಗಿಂದ ಬಂದಳು. "ನಮ್ಮದು ನಿನ್ನೆ ತುಂಬಿಟ್ಟಿದ್ದು ಇನ್ನೂ ತಣ್ಣಗೈತಲ್ಲವಾ. ಕುಡಿ ನೋಡು."

ರಾಮವ್ವ ಕುಡಿದಳು. ಕುಡಿದು ಇನ್ನಷ್ಟು ಸಿಟ್ಟಾದಳು. "ಅಂದ್ರ ಚಲೋದು ನಿಮಗ, ಖೊಟ್ಟಿ ನಮಗ?"

ದಾವಲಬಿ ಎರಡೂ ಬಾಟ್ಲಿ ಬರಿದು ಮಾಡಿದಳು. ಒಲೆಯ ಮೇಲೆ ಚಹಾಕ್ಕಿಟ್ಟಿದ್ದ ಕುದಿಯುವ ನೀರನ್ನು ಎರಡೂ ಬಾಟ್ಲಿಗೆ ಅರ್ಧರ್ಧ ಸುರಿದಳು. ಸ್ವಲ್ಪ ಹೊತ್ತಿಗೆ ರಾಮವ್ವನ ಬಾಟ್ಲಿ ಹೊರಗಿನಿಂದ ಮುಟ್ಟಲಾಗದಷ್ಟು ಕಾಯ್ದಿತು. ದಾವಲಬಿಯದು ಹೊರಗೆ ಹಾಗೇ ಇತ್ತು. ಎರಡೂ ಒಂದೇ ಮಾಲು. ಒಂದರ ಮೇಲೆ ಹೆಸರಿತ್ತು, ಒಂದರ ಮೇಲೆ ಇರಲಿಲ್ಲ.

ಹನೀಫ ಕಾದ ಬಾಟ್ಲಿಯನ್ನು ಅರಿಬಿಯಲ್ಲಿ ಹಿಡಿದು ಅಕ್ಷರದ ಮೇಲೆ ಬಹಳ ಹೊತ್ತು ಕಣ್ಣಿಟ್ಟ. ಆಮೇಲೆ ಅದನ್ನು ಬರಿದು ಮಾಡಿ ಆರಲು ಬಿಟ್ಟು, ಬಕೀಟಿನ ನೀರಿನಲ್ಲಿ ಕತ್ತಿನವರೆಗೆ ಮುಳುಗಿಸಿ, ಒಳಗೆ ಮತ್ತೆ ಕುದಿನೀರು ಸುರಿದ. ದಪ್ಪ ಅಕ್ಷರದ ಬಸಂತರಾಯನ ಹೆಸರಿನಿಂದ ಸಾಸಿವೆಯಂಥ ಗುಳ್ಳೆಗಳು ಸಾಲಾಗಿ ಎದ್ದವು.

"ನಾನ ಚುಚ್ಚೇನಿ," ಅಂದ. "ನನ್ನ ಕೈಲೇ ಸತ್ತಾವ."

ಕಣ್ಣಿಗೆ ಕಾಣದ ತೂತು ಸಾಕು. ಗಾಳಿ ಒಳಹೊಕ್ಕು ಕೂತರೆ ಓಣಿಯಲ್ಲಿ ಮತ್ತೆ ಜನ ಸೇರಿದಂತೆ, ಚಾಡಿ ಶುರು. ಅದನ್ನು ಮತ್ತೆ ಖಾಲಿ ಮಾಡುವ ಯಂತ್ರ ನಮ್ಮ ಪೇಟೆಯಲ್ಲಿ ಇಲ್ಲ.

ಮಿಕ್ಕ ಮೂರು ತಾಲೂಕಿನ ಬಾಟ್ಲಿಗಳು ಇನ್ನೂ ಗಿರಣಿಯಲ್ಲೇ ಇದ್ದವು, ಹೆಸರಿಲ್ಲದೆ, ಜೀವ ಇಟ್ಟುಕೊಂಡು. ಅವನ್ನಾದರೂ ಉಳಿಸಬೇಕು. ಮರುದಿನ ಹನೀಫ ಎರಡೂ ಬಾಟ್ಲಿ ಹಿಡಿದು ಗಿರಣಿಗೆ ಹೋದ. ರಾಮವ್ವ ಬಿಡದೆ ಬೆನ್ನು ಹತ್ತಿದಳು.

"ಸಾವ್ಕಾರ್ರ, ತಪ್ಪು ನಂದ ಐತಿ. ಉಳಿ ಹೊಡದಲ್ಲಿ ತೂತ ಬಿದ್ದು ನೀರ ತಣ್ಣಗ ಉಳಿಯಂಗಿಲ್ಲ. ಹೊಡದದ್ದಕ್ಕ ಕೂಲಿ ಬ್ಯಾಡ್ರಿ. ಖರೆ ಮಿಕ್ಕಿದ್ದಕ್ಕ ಉಳಿ ಹಚ್ಚಬ್ಯಾಡ್ರಿ. ಹೆಸರು ಬೇಕಂದ್ರ ಬಣ್ಣದಾಗ ಬರಸ್ರಿ."

"ಬಣ್ಣ ಮಳಿಗಾಲ ಕಾಣಂಗಿಲ್ಲ. ನಮ್ಮವ್ವನ ಹೆಸರು ಅಳಸಿ ಹೋಗ್ಲಿ ಅಂತೀಯೇನ?"

"ಹಂಗಾರ ಹೆಸರ ಇಲ್ದ ಕೊಡ್ರಿ."

"ಹೆಸರ ಇಲ್ದಿದ್ರ ಯಾರ ಕೊಟ್ರಂತ ಹೆಂಗ ಗೊತ್ತಾಗಬೇಕು?"

ನಡುವೆ ರಾಮವ್ವ ಬಾಯಿ ಹಾಕಿದಳು. "ಬಿಸಲಾಗ ತಣ್ಣೀರ ಕುಡದಾಕಿಗೆ ಗೊತ್ತಾಗತೈತ್ರೀ ಯಪ್ಪಾ. ಈಗೂ ಗೊತ್ತಾಗಾಕತ್ತೈತಿ, ನಾಲಿಗಿ ಸುಟ್ಟಾಗೊಮ್ಮೆ ನಿಮ್ಮ ಹೆಸರ ತಗೀತೇವಿ."

ಗುಮಾಸ್ತರು ಬಗ್ಗಿ ನಕ್ಕರು. ಆ ನಗೆಯೇ ಹನೀಫನಿಗೆ ಮುಳುವಾಯಿತು. ಸಾವ್ಕಾರನ ಮುಖ ಕೆಂಪಾಯಿತು. "ಕೈ ಕೆಟ್ಟದ್ದು ಅವಂದು, ಅನ್ನಿಸ್ಕೊಳ್ಳೂದು ನಾನು?" ಅಂದ. ಮಿಕ್ಕ ಬಾಟ್ಲಿಗಳನ್ನು ಬೇರೆ ಊರಿನ ಒಬ್ಬನಿಗೆ ಒಪ್ಪಿಸಿದ. ಅವನೂ ಹೊಟ್ಟೆಪಾಡಿನವನೇ. ಹೊಡೆ ಅಂದರು, ಹೊಡೆದ. ಸಿಂದಗಿಗೆ, ಇಂಡಿಗೆ, ಮುದ್ದೇಬಿಹಾಳಕ್ಕೆ ಹೆಣಗಳು ಹೋದವು, ಹೆಸರು ಹೊತ್ತುಕೊಂಡು. ಸಾವ್ಕಾರನಿಗೆ ಗೊತ್ತಿಲ್ಲದೆ ಆದದ್ದು ಮೊದಲ ಸಲ. ಎರಡನೆಯ ಸಲ ಗೊತ್ತಿದ್ದೇ ಮಾಡಿಸಿದ. ಇದನ್ನು ಬರೆದು ಹೇಳಲೇಬೇಕು.

ಮತ್ತೂ ಒಂದು ಲೆಕ್ಕ ನಮ್ಮ ಭಾಷಣದವರು ಹೇಳುವುದಿಲ್ಲ. ಒಂದು ಸ್ಟೀಲ್ ಬಾಟ್ಲಿ ಮಾಡಲು ಭೂಮಿ ಅಗೆಯಬೇಕು, ಕುಲುಮೆ ಉರಿಸಬೇಕು. ಒಂದು ಪ್ಲಾಸ್ಟಿಕ್ ಬಾಟ್ಲಿಗೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು. ವರ್ಷಗಟ್ಟಲೆ ಬಳಸಿದರೆ ಮಾತ್ರ ಆ ಪಾಪ ತೀರುತ್ತದೆ. ವಾರಕ್ಕೆ ಮೂಲೆಗೆ ಎಸೆದ ಸ್ಟೀಲ್ ಬಾಟ್ಲಿ ಪ್ಲಾಸ್ಟಿಕ್ಕಿಗಿಂತ ದೊಡ್ಡ ಕಸ. ನಾಲ್ಕೂ ತಾಲೂಕಿನಲ್ಲಿ ಬಸಂತರಾಯ ಹಂಚಿದ್ದು ಅದನ್ನು. ಹೆಂಗಸರು ಅದರಲ್ಲಿ ಬೀಜ ಹಾಕಿಟ್ಟರು, ಡೀಸೆಲ್ ಹಾಕಿಟ್ಟರು, ಬೇಲಿಗೆ ಸಿಗಿಸಿದರು. "ಈ ಥರ್ಮಾಸ್ ಎಲ್ಲಾ ಸುಳ್ಳು" ಎಂಬ ಮಾತು ಊರಿಂದ ಊರಿಗೆ ಹೋಯಿತು. ಅವರ ಕೈಗೆ ಪ್ಲಾಸ್ಟಿಕ್ ಬಾಟ್ಲಿ ತಿರುಗಿ ಬಂತು.

ಇನ್ನೊಂದು ಮಾತೂ ಹೋಯಿತು: ಹನೀಫನ ಕೈ ಕೆಟ್ಟಿದೆ. ಪೇಟೆಯಲ್ಲಿ ಜನಕ್ಕೇನು ಬರವೇ? ಒಬ್ಬರಿಂದ ಒಬ್ಬರಿಗೆ ದಾಟಿತು. ಕೊನೆಗೆ ಸಂಜೀವಕುಮಾರ ಮುಖ ತಪ್ಪಿಸಿ ಹೇಳಿದ, "ಹನೀಫಣ್ಣಾ, ಗಿರಾಕಿ ಕೇಳಾಕತ್ತಾರ. ಸ್ವಲ್ಪ ದಿನ ಮನ್ಯಾಗ ಇರು."

ಸ್ವಲ್ಪ ದಿನ ಇನ್ನೂ ಮುಗಿದಿಲ್ಲ. ಅಪ್ಪ ಕೂತಿದ್ದ ಕಟ್ಟೆಯ ಮೇಲೆ ಈಗ ಕಾಗದದ ತಾಟು, ಲೋಟದ ಮೂಟೆಗಳು ಕೂತಿವೆ.

ಬಸಂತರಾಯನ ಮಗಳ ಮದುವೆ ಈ ವರ್ಷ ಆಯಿತು. ಅಡುಗೆಯವರ ಹಂಡೆ ಕಲಾಯಿಗೆ ಸಾಗಿಸುವ ಕೂಲಿ ಸಿಕ್ಕು ಹನೀಫ ಮರುದಿನ ಮಂಗಲ ಕಾರ್ಯಾಲಯದ ಹಿಂಬದಿಗೆ ಹೋಗಿದ್ದ. ಅಲ್ಲಿ ಮೊಣಕಾಲೆತ್ತರಕ್ಕೆ ಬಿದ್ದ ನೀರಿನ ಬಾಟ್ಲಿಗಳು. ಅರ್ಧ ಕುಡಿದವು, ಗುಟುಕು ಕುಡಿದವು, ಮುಚ್ಚಳ ಬಿಚ್ಚದವು. ಒಂದೊಂದಕ್ಕೂ ಹೊಸದಾಗಿ ಅಚ್ಚು ಹಾಕಿಸಿದ ಚೀಟಿ: ಮದುಮಕ್ಕಳ ಹೆಸರು, ಮೇಲೆ ಶೆಟ್ಟೆವ್ವನ ಫೋಟೋ, 'ಅಜ್ಜಿಯ ಆಶೀರ್ವಾದಗಳೊಂದಿಗೆ.' ಒಂದು ಹೋರಿಕರು ಅದೇ ಚೀಟಿಯನ್ನು ಜಗಿಯುತ್ತ ನಿಂತಿತ್ತು. ತಾಯಿಯ ಹೆಸರು ಅಳಿಸಬಾರದೆಂದು ಬಾಟ್ಲಿ ಕೊಂದವನು, ಅದೇ ಹೆಸರನ್ನು ಗಟಾರಕ್ಕೆ ಹರವಿದ್ದ.

ಹನೀಫ ಅದನ್ನು ನನಗೆ ಹೇಳುವಾಗ ಬೈಯಲಿಲ್ಲ. "ಶೆಟ್ಟೆವ್ವ ಆಯಿ ನಾ ಸಣ್ಣಾವಿದ್ದಾಗಿಂದ ನನಗ ನೀರು ಕೊಟ್ಟಾಳ್ರಿ. ಕೈಲೆ ಆದಷ್ಟು ಬಾಟ್ಲಿ ಆರಿಸಿ ಒಂದ ಚೀಲ ತುಂಬಿದ್ನಿ. ಮುಗೀಲಿಲ್ಲ," ಅಂದ, ಅಷ್ಟೇ. ಬೈಗುಳದ ಪಾಳಿ ನನ್ನದು.

ರಾಮವ್ವ ಮಾತ್ರ ತನ್ನ ಸತ್ತ ಬಾಟ್ಲಿ ಬಿಟ್ಟಿಲ್ಲ. ಹನೀಫನೇ ದಾರಿ ಹೇಳಿಕೊಟ್ಟ: ಹಳೆಯ ಅರಿಬಿ ಸುತ್ತಿ ನೀರು ಚಿಮುಕಿಸು, ನೀರಾರುತ್ತ ಬಿಸಿ ಎಳೆಯುತ್ತದೆ, ಹರವಿಯ ಹಾಗೆ. ದಾವಲಬಿಯ ಬಾಟ್ಲಿಯಷ್ಟು ತಂಪಲ್ಲ, ನಾಲಿಗೆಯೂ ಸುಡುವುದಿಲ್ಲ. "ಸತ್ರೂ ನೀರ ಹಿಡಿತೈತ್ರಿ. ಸಾವ್ಕಾರನ ಹೆಸರ ಮ್ಯಾಲೆ ಅರಿಬಿ ಸುತ್ತೇನಿ, ಕಾಣಂಗಿಲ್ಲ" ಎಂದು ನಗುತ್ತಾಳೆ.

ಈಗ ನಿಮ್ಮ ಕಡೆ ಬರುತ್ತೇನೆ. ಆ ಮದುವೆಗೆ ನೀವೂ ಹೋಗಿದ್ದಿರಿ. ಗುಟುಕು ಕುಡಿದು ಕುರ್ಚಿಯ ಕೆಳಗೆ ಇಟ್ಟವರಲ್ಲಿ ನೀವೂ ಒಬ್ಬರು. ನಿಮ್ಮ ಮನೆಯ ಅಟ್ಟದ ಮೇಲೆ ಹನೀಫ ಹೆಸರು ಹೊಡೆದ ತಂಬಿಗೆಗಳಿವೆ, ಕವುಚಿ ಬಿದ್ದಿವೆ. ಇವತ್ತೇ ಅಟ್ಟ ಹತ್ತಿ. ಕೆಳಗಿಳಿಸಿ ತಿಕ್ಕಿ. ಓಣಿಯಲ್ಲಿ ಮುಂದೆ ಯಾರ ಮನೆಯ ಕಾರ್ಯವಿದ್ದರೂ ಅವರು ಬಾಟ್ಲಿ ತರಿಸುವ ಮೊದಲೇ ಹೊತ್ತು ಒಯ್ದು ಅವರ ಅಂಗಳದಲ್ಲಿಡಿ. ಯಾರಿಗಾದರೂ ಥರ್ಮಾಸ್ ಕೊಡುವ ಮನಸ್ಸಾದರೆ, ಹೆಸರು ಹಾಕದೆ ಕೊಡಿ.