ಹೊಳೆಯಿಂದ ಎದ್ದು ಬಂದ ಹೊನ್ನಿ

ಹೊಳಲ್ಕೆರೆಯ ಬಯಾಸ್ಕೋಪ್ ಡೇರೆಯಲ್ಲಿ, ತೆರೆಯ ಮೇಲಿನ ಮದುಮಗಳು ಹೊನ್ನಿ ಗಾಡಿಯಿಂದ ಹೊಳೆಗೆ ಬಿದ್ದು ಸತ್ತಳು. ಸೋಮವಾರ ನನಗೆ ಹೆಣ್ಣು ಕೊಡಬೇಕಿದ್ದ ಅತ್ತೆ ಎದ್ದು ನಿಂತರು. ಚಿತ್ರದ ಹೆಸರು ‘ಹೊನ್ನಿಯ ದಿಬ್ಬಣ’. ಮದುಮಗಳನ್ನು ಕಳಿಸುವಾಗ ನಮ್ಮ ಹೆಂಗಸರು ಹಾಡುವ ಪದಕ್ಕೂ ಅದೇ ಹೆಸರು.

“ಹೆಸ್ರೊಂದೇ ಅತ್ತೆ, ಕಥೆ ಬ್ಯಾರೆ,” ಎಂದೆ.

“ಪದದಾಗೆ ಗಂಡನ ಮನೆ ಸೇರ್ತಾಳೆ. ಇಲ್ಲಿ ಸತ್ಲಲ್ಲಪ್ಪ! ಈ ಮದ್ವೆ ಬ್ಯಾಡ, ಹೋಗು!”

ಯಂತ್ರದವನ ಕೈಯಿಂದ ಹಿಡಿಕೆ ಕಸಿದು ಹಿಂದಕ್ಕೆ ತಿರುಗಿಸಿದೆ. ಹೊನ್ನಿ ಕಾಲು ಮೇಲಾಗಿ ನೀರಿನಿಂದ ಹಾರಿ ಗಾಡಿಯಲ್ಲಿ ಕುಳಿತಳು. ಎತ್ತುಗಳು ಹಿಂದಕ್ಕೆ ನಡೆದವು.

“ಸಾಕು, ನಿಲ್ಸು! ಬದುಕಿದ್ಲು,” ಎಂದು ಅತ್ತೆ ಕಣ್ಣೊರೆಸಿಕೊಂಡರು.

ಮದುವೆ ಆಯಿತು. ಈಗ ನಮ್ಮೂರಲ್ಲಿ ಯಾರ ದಿಬ್ಬಣದ ಗಾಡಿಯೇ ಆಗಲಿ, ಹಳ್ಳ ಕಂಡರೆ ಮೊದಲು ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗುತ್ತದೆ. ಯಾಕೆಂದು ಕೇಳಿದರೆ ಅಜ್ಜನ ಕಾಲದ ಪದ್ಧತಿ ಎನ್ನುತ್ತಾರೆ.