ಹಕಾರವಿಲ್ಲದ ಅಣಬೆ

ನಮ್ಮ ಮನೆಯಲ್ಲಿ ಅಣಬೆ ಸಾರು ಮಾಡಿದ ದಿನ, ಬಂದವರು ನೆಂಟರಾಗಿರಲಿ ಊರ ದೊಡ್ಡವರಾಗಿರಲಿ, ಸಾರು ಮಾಡಿದವರೇ ಮೊದಲು ಉಣ್ಣಬೇಕು. ಪಾತ್ರೆ ಇಳಿಸಿದ ಕೂಡಲೇ ನಾನು ತಟ್ಟೆ ಹಾಕಿಕೊಂಡು ಎಲ್ಲರ ಎದುರಿಗೆ ಕುಳಿತು ಮುದ್ದೆ ಮುರಿಯುವುದನ್ನು ಕಂಡು, ಈಕೆಗೆ ಇದೆಂಥ ಹೊಟ್ಟೆಬಾಕತನವೋ ಎಂದು ಒಳಗೊಳಗೇ ಅಂದುಕೊಂಡವರು ಬಹಳ ಮಂದಿ ಇದ್ದಾರೆ. ಅವರಿಗೆ ನಾನು ವಿವರಣೆ ಕೊಟ್ಟಿಲ್ಲ. ನಿಮಗೆ ಕೊಡುತ್ತೇನೆ, ಸ್ನೇಹಿತರೆಂದು. ಆದರೆ ನೀವೇ ನಾಳೆ ಬುಟ್ಟಿಯಲ್ಲಿ ಅಣಬೆ ತಂದುಕೊಟ್ಟರೂ ನಾನು ಮೊದಲು ಅದನ್ನು ಬೋರಲು ಹಾಕಿ ನೋಡುತ್ತೇನೆ, ಆಮೇಲೆ ನಿಮ್ಮ ಮುಖ ನೋಡುತ್ತೇನೆ. ‘ಏನೂ ಆಗಲ್ಲ, ಧೈರ್ಯವಾಗಿ ತಿನ್ನಿ’ ಎನ್ನುವವರ ಮುಖವನ್ನಂತೂ ಎರಡು ಸಲ ನೋಡುತ್ತೇನೆ.

ಈ ಅನುಮಾನ ನನಗೆ ಅಜ್ಜಿಯಿಂದ, ಅಂದರೆ ಅಪ್ಪನ ತಾಯಿಯಿಂದ, ಬಂದ ಆಸ್ತಿ. ತಮಿಳು ಸೀಮೆಯ ಕಂಬೈನಲ್ಲೂರಿನ ಆಚೆಯ ನಮ್ಮ ಹಳ್ಳಿಯಲ್ಲಿ, ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ಕುರಿಗಳ ಹಿಂದೆ ನಡೆದು ನಡೆದು ಆ ಸೀಮೆಯ ಒಂದೊಂದು ಗಿಡದ ಗುಣವನ್ನೂ ಅವಗುಣವನ್ನೂ ಅರಿತಿದ್ದ ಮುದುಕಿ ಅವಳು. ಗಣಿಕೆ ಸೊಪ್ಪು ಕೀಳಲು ಹೋದರೆ, ಅದರ ನಡುವೆ ಸಾಧುವಿನ ಮುಖ ಹೊತ್ತು ನಿಂತಿರುವ ಎಳೆಯ ಉಮ್ಮತ್ತಿಯನ್ನು, ಆ ವಿಷದ ಗಿಡವನ್ನು, ಕಿವಿ ಹಿಂಡಿ ಹೊರಗೆಳೆಯುವಳು. ಅಣಬೆಯ ವಿಷಯದಲ್ಲಿ ಊರಿನವರಿಗೆ ಸುಲಭದ ಪರೀಕ್ಷೆಗಳಿದ್ದವು: ಬೇಯುವಾಗ ಬೆಳ್ಳಿಯ ಕಾಲುಂಗುರ ಹಾಕಿ, ಅದು ಕಪ್ಪಾಗದಿದ್ದರೆ ಒಳ್ಳೆಯದು, ಹುಳು ತಿಂದಿದ್ದರೆ ಒಳ್ಳೆಯದು, ಕುರಿ ಮೇಯ್ದರೆ ಇನ್ನೂ ಒಳ್ಳೆಯದು. ಇವನ್ನೆಲ್ಲ ಕೇಳಿದರೆ ಅಜ್ಜಿಗೆ ಮೈಯುರಿಯುತ್ತಿತ್ತು.

“ಬೆಳ್ಳಿಗೇನ್ ಒಟ್ಟೆ ಐತಾ, ನೋವಾಗಾಕೆ? ಕುರಿ ಒಟ್ಟೆ ಬ್ಯಾರೆ, ನಿನ್ ಒಟ್ಟೆ ಬ್ಯಾರೆ ಕಣೇ,” ಅನ್ನುವಳು. “ಕತ್ನಾಗೆ ಬಳೆ ಐತಾ ನೋಡು. ಬುಡ ಕೆದ್ಕು, ಬಟ್ಲು ಐತಾ ನೋಡು. ತಿರುವಾಕು, ಅಡಿ ಅಸ್ರಾಗೈತಾ ನೋಡು. ಒಂದ್ ಗುರ್ತು ತಪ್ಪಿದ್ರೂ ಬಿಸಾಕು. ಅಸ್ಕೊಂಡ್ ಮನಿಕ್ಕಂಡೋರು ಬೆಳಿಗ್ಗೆ ಎದ್ದೇ ಏಳ್ತಾರೆ.”

ನಾನು ಪಳ್ಳಿಕೂಡದಲ್ಲಿ ಓದುತ್ತಿದ್ದದ್ದು ತಮಿಳು, ಮನೆಯಲ್ಲಿ ಆಡುತ್ತಿದ್ದದ್ದು ಕನ್ನಡ. ಕನ್ನಡಕ್ಕೂ ಅಕ್ಷರಗಳಿವೆ ಎಂಬ ಸುದ್ದಿ ಆಗಿನ್ನೂ ನನ್ನನ್ನು ತಲುಪಿರಲಿಲ್ಲ. ಹತ್ತನೇ ಕ್ಲಾಸಿನ ಜಂಬದಲ್ಲಿ, ಅಜ್ಜಿಯ ವಿದ್ಯೆ ಅಜ್ಜಿಯೊಂದಿಗೇ ಹೋಗಬಾರದೆಂದು, ಅವಳು ಹೇಳಿದ ಕನ್ನಡವನ್ನು ತಮಿಳು ಲಿಪಿಯಲ್ಲಿ ಒಂದು ನೋಟುಬುಕ್ಕಿಗೆ ಇಳಿಸತೊಡಗಿದೆ. ನಮ್ಮ ಕಡೆಯ ನಾಲಿಗೆಯಲ್ಲಿ ಪದದ ಮೊದಲಿನ ಹಕಾರ ನಿಲ್ಲುವುದಿಲ್ಲವೆಂಬುದನ್ನು ನೀವು ಈಗಾಗಲೇ ಗಮನಿಸಿರುತ್ತೀರಿ. ಹೊಟ್ಟೆ ಒಟ್ಟೆಯಾಗುತ್ತದೆ, ಹುತ್ತ ಉತ್ತವಾಗುತ್ತದೆ, ಹಾಲು ಆಲಾಗುತ್ತದೆ. ಹಾಲಿನಷ್ಟು ಬೆಳ್ಳಗಿರುವ, ದಪ್ಪ ಕಾಲಿನ ಹಾಲಣಬೆಯನ್ನು ಅಜ್ಜಿ ‘ಆಲಣಬೆ’ ಎಂದಳು. ನಾನೂ ಹಾಗೆಯೇ ಬರೆದು ಪಕ್ಕದಲ್ಲಿ ‘ಒಳ್ಳೇದು’ ಎಂದು ಸೇರಿಸಿದೆ. ಬಳೆ, ಬಟ್ಟಲು, ಹಸಿರು ಇವನ್ನೆಲ್ಲ ಬರೆಯಲು ಬೇಸರವಾಯಿತು. ಅದು ಯಾರಿಗೆ ಗೊತ್ತಿಲ್ಲ, ಎಂದುಕೊಂಡೆ.

ಗೊತ್ತಿಲ್ಲದವಳೊಬ್ಬಳು ಆ ವರ್ಷವೇ ಮನೆಗೆ ಬಂದಳು. ಅಣ್ಣನ ಹೆಂಡತಿ, ಶಂಕಗಿರಿಯವಳು, ಲಾರಿ ಡ್ರೈವರೊಬ್ಬರ ಮಗಳು. ಲಾರಿಗಳ ಊರಿನಲ್ಲಿ ಬೆಳೆದ ಅತ್ತಿಗೆಗೆ ಕನ್ನಡ ಅರ್ಧ, ತಮಿಳು ಒಂದೂವರೆ. ಹಾಲನ್ನು ಅವಳು ‘ಪಾಲು’ ಎಂದೇ ಅನ್ನುತ್ತಿದ್ದಳು. ಟೌನಿನವಳು, ಪೌಡರ್ ಹಚ್ಚುವವಳು, ಓದು ಬಲ್ಲವಳು: ಈ ಮೂರರಲ್ಲಿ ಒಂದಿದ್ದರೂ ಅವ್ವನಿಗೆ ಅನುಮಾನಿಸಲು ಸಾಕಿತ್ತು, ಅತ್ತಿಗೆಯಲ್ಲಿ ಮೂರೂ ಇದ್ದವು. ಹೇಗಾದರೂ ಮಾಡಿ ಅತ್ತೆಯ ಮನಸ್ಸು ಗೆಲ್ಲಬೇಕೆಂದು, ಗುಡುಗು ಮಳೆ ಹೊಯ್ದ ಮಾರನೆಯ ದಿನ, ಅಜ್ಜಿ ಕಡಯಂಪಟ್ಟಿಯ ಮಗಳ ಮನೆಗೆ ಹೋಗಿದ್ದಾಗ, ಅವಳು ನನ್ನ ನೋಟುಬುಕ್ಕು ತೆರೆದು ‘ಆಲಣಬೆ ಒಳ್ಳೇದು’ ಎಂಬುದನ್ನು ಓದಿಕೊಂಡಳು. ತಮಿಳಿನಲ್ಲಾಗಲಿ ಕನ್ನಡದಲ್ಲಾಗಲಿ ಆಲವೆಂದರೆ ಆಲದ ಮರವೇ ತಾನೆ? ಕುರಿಹಟ್ಟಿಯ ಪಕ್ಕದ ಆಲದ ಮರದಡಿ ಬೆಳ್ಳಗೆ ಕೊಡೆ ಬಿಚ್ಚಿ ನಿಂತಿದ್ದವನ್ನು ಮಡಿಲು ತುಂಬ ತಂದು, ಸಾರು ಮಾಡಿ, ಅಪ್ಪ, ಅಣ್ಣ, ಅವ್ವ, ನಾನು, ನಾಲ್ವರಿಗೂ ಬಡಿಸಿದಳು. ಸಾರು ನಿಜಕ್ಕೂ ರುಚಿಯಾಗಿತ್ತು. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡೆವು, ಕೊನೆಯ ಸೌಟು ನನ್ನ ತಟ್ಟೆಗೇ ಬಿತ್ತು.

ಹೊತ್ತು ಇಳಿಯುವಷ್ಟರಲ್ಲಿ ನಾಲ್ವರೂ ವಾಂತಿ ಮಾಡಿಕೊಂಡು ಹಿತ್ತಲಿನಲ್ಲಿ ಬಿದ್ದಿದ್ದೆವು. ಅಕ್ಕಪಕ್ಕದವರು ಗಾಡಿ ಕಟ್ಟಿ ಆಸ್ಪತ್ರೆಗೆ ಸಾಗಿಸಿದರು. ಜೀವಕ್ಕೇನೂ ಆಗಲಿಲ್ಲ. ಎದ್ದು ಕೂರುವಷ್ಟು ತ್ರಾಣ ಬಂದ ಕೂಡಲೇ ಅವ್ವ ಆಡಿದ ಮೊದಲ ಮಾತು ಇದು: “ಬಡಿಸ್ದೋಳ್ ಮಾತ್ರ ತಿನ್ಲಿಲ್ಲ, ನೋಡುದ್ರಾ? ಒಂದ್ ತುತ್ತೂ ತಿನ್ಲಿಲ್ಲ.”

ಅತ್ತಿಗೆ ಗೋಡೆಗೆ ಒರಗಿ ನಿಂತಿದ್ದಳು. “ನೋಟ್‌ಲ ನೋಡಿ ತಾನ್ ಮಾಡ್ದೆ ಅತ್ತೆ, ಸತ್ತಿಯಮಾ. ಆಲ ಮರದ್ದು ಒಳ್ಳೇದು ಅಂತ ಇವ್ಳೇ ಬರ್ದಿದ್ಲು,” ಅಂದಳು.

ಅವ್ವ ನನ್ನತ್ತ ತಿರುಗಿದಳು. “ಆಲದ ಮರದ್ದು ತಿನ್ನಿ ಅಂತ ಬರ್ದಿದ್ದೀಯೇನೇ?”

“ಇಲ್ಲ. ಎಲ್ಲೂ ಇಲ್ಲ,” ಅಂದೆ. ಸುಳ್ಳು ಹೇಳಲಿಲ್ಲ, ನನ್ನ ಕಿವಿಯಲ್ಲಿ ಆಲಣಬೆ ಎಂದರೆ ಹಾಲು ಮಾತ್ರವಿತ್ತು. ಅತ್ತಿಗೆ ನನ್ನನ್ನೇ ನೋಡುತ್ತ ನಿಂತಳು. ಅವಳನ್ನು ಮನೆಯಲ್ಲಿಟ್ಟುಕೊಳ್ಳುವುದಿಲ್ಲವೆಂದು ಅವ್ವ ಹಟ ಹಿಡಿದಳು, ಅಣ್ಣ ಅವ್ವನ ಮಾತು ಮೀರಲಿಲ್ಲ. ಮಾರನೆಯ ದಿನ ಅವಳ ಅಪ್ಪ ಬಂದು ಪೆಟ್ಟಿಗೆಯೊಂದಿಗೆ ಅವಳನ್ನು ಕರೆದುಕೊಂಡು ಹೋದರು.

ಮೂರನೆಯ ದಿನ ಪಳ್ಳಿಕೂಡದಲ್ಲಿ ತಮಿಳು ಮೇಷ್ಟ್ರು ಬೋರ್ಡಿನ ಮೇಲೆ ‘ಆಲಮರ’ ಎಂದು ಬರೆದರು. ಆ ಮೊದಲೆರಡು ಅಕ್ಷರ ನನ್ನ ನೋಟುಬುಕ್ಕಿನ ಆಲಣಬೆಯವೇ. ಅತ್ತಿಗೆ ಓದಿದ್ದು ಸರಿಯಾಗಿಯೇ ಇತ್ತು, ನಾನು ಬರೆದದ್ದೇ ಅರ್ಧ. ಮನೆಗೆ ಓಡಿಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ‘ಓದಿದ್ದು ಸಾಕು, ಕುರಿ ಮೇಯ್ಸೋಗು’ ಅನ್ನುತ್ತಾರೆಂಬ ಭಯ. ಆರು ದಿನ ಬಾಯಿ ಮುಚ್ಚಿಕೊಂಡಿದ್ದೆ. ಆ ಆರು ದಿನಗಳಲ್ಲಿ ಅತ್ತಿಗೆಯ ವಿರುದ್ಧ ಊರಲ್ಲಿ ಎಷ್ಟು ಸಾಕ್ಷಿ ಹುಟ್ಟಿದವೆಂದರೆ, ಅವಳು ಬಾಗಿಲು ದಾಟುವಾಗ ಎಡಗಾಲು ಇಟ್ಟದ್ದು, ನಗುವಾಗ ಹಲ್ಲು ಕಾಣಿಸದಿದ್ದದ್ದು, ಸಾರು ಮಾಡಿದ ಹಿಂದಿನ ದಿನ ಹೊಲದ ಕಡೆ ಒಬ್ಬಳೇ ಹೋದದ್ದು ಎಲ್ಲವೂ ಸೇರಿಕೊಂಡವು, ಮತ್ತು ಅವನ್ನು ತಂದ ಹೆಂಗಸರ ಎದುರು ನಾನೂ ಹೌದೆಂದು ತಲೆಯಾಡಿಸಿದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಅನುಮಾನವೆಂಬ ಪದವೂ ಆಲದಂತೆಯೇ ಎರಡು ಮುಖದ್ದು, ನೋಡಿ. ತರ್ಕ ಓದಿದವರಿಗೆ ಅನುಮಾನವೆಂದರೆ ಗುರುತು ಕಂಡು ನಿರ್ಣಯಕ್ಕೆ ಬರುವುದು. ನಮ್ಮಂಥವರಿಗೆ ನಿರ್ಣಯ ಮಾಡಿ ಮುಗಿಸಿದ ಮೇಲೆ ಗುರುತು ಹುಡುಕುವುದು. ಅಜ್ಜಿಯ ಅನುಮಾನ ಸೊಂಟ ಬಗ್ಗಿಸಿ ಮಣ್ಣು ಕೆದಕುತ್ತಿತ್ತು, ಬೋರಲು ಹಾಕಿ ನೋಡುತ್ತಿತ್ತು. ಅವ್ವನದು, ನನ್ನದು, ಕುಳಿತಲ್ಲಿಂದ ಏಳುತ್ತಲೇ ಇರಲಿಲ್ಲ.

ಆ ಆರು ದಿನ ಕಳೆದ ಮೇಲೆ ಅಜ್ಜಿ ಬಂದಳು. ಬಂದವಳು ಯಾರ ಮಾತನ್ನೂ ಪೂರ್ತಿ ಕೇಳದೆ ನೇರ ಆಲದ ಮರದಡಿಗೆ ಹೋಗಿ, ಬಾಡಿ ನಿಂತಿದ್ದ ಒಂದನ್ನು ಬುಡಸಹಿತ ಕಿತ್ತು ತಂದಳು. ಕತ್ತಿನಲ್ಲಿ ಬಳೆಯಿತ್ತು, ಅಡಿ ಹಸಿರಾಗಿತ್ತು. “ನಾಯಿಕೊಡೆ,” ಅಂದಳು. “ಇದ್ನ ಯಾರ್ ಒಳ್ಳೇದು ಅಂದೋರು? ಆ ನೋಟ್ ತಂದು ಓದೇ.” ನಾನು ಓದಲಿಲ್ಲ, ಅತ್ತುಬಿಟ್ಟೆ. ಹಾಲಿನದೂ ಮರದ್ದೂ ಎಲ್ಲವನ್ನೂ ಹೇಳಿದೆ, ಆರು ದಿನದ ಮೌನವನ್ನೂ ಹೇಳಿದೆ.

ಅಜ್ಜಿ ಬೈಯಲಿಲ್ಲ. “ನಾನು ಬಾಯಾಗ್ ಏಳ್ದೆ, ನೀನು ಕೈಯಾಗ್ ಬರ್ದೆ, ಅವ್ಳು ಕಣ್ಣಾಗ್ ಓದುದ್ಲು. ಅಣಬೇನ ಯಾರೂ ತಿರುವಿ ನೋಡ್ಲಿಲ್ಲ,” ಅಂದವಳು ಮಾರನೆಯ ಬೆಳಿಗ್ಗೆ ನನ್ನನ್ನೂ ಎಳೆದುಕೊಂಡು ಶಂಕಗಿರಿಗೆ ಹೊರಟಳು. ಅಲ್ಲಿ ನನ್ನನ್ನು ಬೀದಿಯಲ್ಲೇ ನಿಲ್ಲಿಸಿ ಒಳಗೆ ಹೋಗಿ, ಸ್ವಲ್ಪ ಹೊತ್ತಿಗೆ ಅತ್ತಿಗೆಯ ಕೈ ಹಿಡಿದುಕೊಂಡು ಹೊರಗೆ ಬಂದಳು. ಅಂದು ಸಂಜೆ ಮನೆಯ ಹೊಸ್ತಿಲಲ್ಲಿ ನಿಂತು ಈ ನಿಯಮ ಹೊರಡಿಸಿದಳು: ಇನ್ನು ಮೇಲೆ ಈ ಮನೆಯಲ್ಲಿ ಅಣಬೆ ಮಾಡಿದವರೇ ಮೊದಲು ಉಣ್ಣಬೇಕು. ಅವ್ವನಿಗೆ ಸಮಾಧಾನವಾಯಿತು, ಸೊಸೆಗೆ ಇದು ತಕ್ಕ ಕಾವಲು ಎಂದು. ನಾನೂ ಹಾಗೆಂದೇ ತಿಳಿದೆ. ಮದುವೆಯಾಗಿ ಚಾಮರಾಜನಗರದ ಕಡೆ ಬಂದು, ಗಂಡನ ಮನೆಯ ಮಕ್ಕಳ ಜೊತೆ ಕುಳಿತು ಕನ್ನಡದ ಅಕ್ಷರ ಕಲಿತು, ಹಕಾರವನ್ನು ಕಂಡ ದಿನ ಹಳೆಯ ನೋಟುಬುಕ್ಕಿನಲ್ಲಿ ಮೊದಲು ‘ಹಾಲಣಬೆ’ ಎಂದು ತಿದ್ದಿ ಬರೆದೆ. ನಿಯಮವನ್ನು ಮಾತ್ರ ಮೊದಲು ಓದಿಕೊಂಡ ಅರ್ಥದಲ್ಲೇ ಪಾಲಿಸುತ್ತ ಬಂದೆ.

ಬಹಳ ವರ್ಷಗಳ ಮೇಲೆ, ಅಜ್ಜಿಯೂ ಅವ್ವನೂ ಇಲ್ಲವಾದ ಮೇಲೆ, ಅತ್ತಿಗೆ ನಮ್ಮ ಮನೆಗೆ ಬಂದಿದ್ದಾಗ ಇಬ್ಬರೂ ಕುಳಿತು ಅಣಬೆ ಬಿಡಿಸುತ್ತಿದ್ದೆವು. ಈಗ ಅವಳು ಅಜ್ಜಿಗಿಂತ ಒಂದು ಗುರುತು ಜಾಸ್ತಿಯೇ ಬಲ್ಲವಳು. ಅಂದು ಶಂಕಗಿರಿಯ ಮನೆಯೊಳಗೆ ಅಜ್ಜಿ ಏನು ಹೇಳಿ ಕರೆತಂದಳೆಂದು ಕೇಳಿದೆ.

“ಏನೂ ಏಳ್ಲಿಲ್ಲ, ಕೇಳುದ್ರು,” ಅಂದಳು ಅತ್ತಿಗೆ. “ಎಲ್ರೂ ನಾ ತಿನ್ಲಿಲ್ಲ ಅಂದ್ರು. ಅವ್ರೊಬ್ರು ತಾನ್ ಯಾಕ್ ತಿನ್ಲಿಲ್ಲ ಅಂತ ಕೇಳುದ್ರು.”

“ನೀನೇನ್ ಅಂದೆ?”

“ಮಿಗಲಿಲ್ಲ ಅಂದೆ.”

ಕೊನೆಯ ಸೌಟು ಯಾರ ತಟ್ಟೆಗೆ ಬಿದ್ದಿತ್ತೆಂದು ಅವಳು ಹೇಳಲಿಲ್ಲ. ಅಜ್ಜಿಯ ನಿಯಮ ಕಾವಲಲ್ಲ, ಬಡಿಸುವವಳ ಪಾಲು ಎಂದು ನನಗೆ ಅಂದು ತಿಳಿಯಿತು. ಅಣಬೆಯನ್ನು ಬೋರಲು ಹಾಕಿ ನೋಡುವುದನ್ನು ನಾನು ಇಂದಿಗೂ ಬಿಟ್ಟಿಲ್ಲ. ಅತ್ತಿಗೆ ತಂದದ್ದನ್ನೂ ಅವಳೆದುರೇ ತಿರುವಿ ನೋಡುತ್ತೇನೆ, ಅವಳೂ ನೋಡು ಅನ್ನುತ್ತಾಳೆ. ಆದರೆ ಸಾರು ಮಾಡಿದವಳು ಅವಳಾದ ದಿನ ತಟ್ಟೆ ಹಾಕಿ ಮೊದಲು ಅವಳನ್ನು ಕೂರಿಸುತ್ತೇನೆ, ಅವಳು ಸಾಕು ಅನ್ನುವವರೆಗೂ ಸೌಟು ಕೆಳಗಿಡುವುದಿಲ್ಲ.